ಕೈಗೆ ಕಟ್ಟಿಕೊಂಡ ಎದೆಬಡಿತ

ಹೆದರುವವರ ಮೇಲೆ ಹಾವು ಎಸೆದರಂತೆ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು, ಯಾಕೆಂದರೆ ನನ್ನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಗುಡುಗಿದರೆ ನಮ್ಮ ಮಾಳಿಗೆ ಮೇಲೇ ಗುಡುಗಿತು ಅನಿಸುತ್ತದೆ. ಸೀನು ಬಂದರೆ ಇದೇ ಕೊನೆಯದೇನೋ ಅನಿಸುತ್ತದೆ. ಇಂಥವನು ನಾನು, ಎಸೆಯುವವರಿಗೆ ಕಾಯದೆ ಹಾವನ್ನು ನಾನೇ ಕೊಂಡು ತಂದೆ. ಅಂದರೆ, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ, ನಡೆದರೆ ಎಷ್ಟು ಕ್ಯಾಲರಿ ಸುಡುತ್ತದೆ ಎಂದು ತೋರಿಸುವ ವಾಚೊಂದನ್ನು ತಂದು ಕೈಗೆ ಕಟ್ಟಿಕೊಂಡೆ. ಆಮೇಲೆ ಆದದ್ದನ್ನೆಲ್ಲ ಹೇಳುತ್ತೇನೆ. ನಗುವವರು ನಗಬಹುದು. ಆಗ ನನಗಂತೂ ನಗು ಬಂದಿರಲಿಲ್ಲ.

೧. ಓವರ್‌ಲೋಡ್

ನಾನು ಸಂಡೂರಿನ ಕಡೆ ಒಂದು ಗಣಿಯಲ್ಲಿ ವೇ ಬ್ರಿಡ್ಜ್ ನೋಡಿಕೊಳ್ಳುವವನು. ಅದಿರು ತುಂಬಿದ ಲಾರಿ ಬಂದು ತೂಕದ ಕಟ್ಟೆಯ ಮೇಲೆ ನಿಲ್ಲುತ್ತದೆ. ನಾನು ಕೋಣೆಯೊಳಗೆ ಕುಳಿತು ತೂಕ ನೋಡಿ ಚೀಟಿ ಕೊಡುತ್ತೇನೆ. ಹೆಚ್ಚಿದ್ದರೆ ವಾಪಸ್ ಕಳಿಸುತ್ತೇನೆ. ಮನೆ ಹೊಸಪೇಟೆಯಲ್ಲಿ. ಕಂಪನಿ ಬಸ್ಸಿನಲ್ಲಿ ಕುಳಿತು ಹೋಗುವುದು, ಅಲ್ಲಿ ಕುಳಿತು ಕೆಲಸ ಮಾಡುವುದು, ಮತ್ತೆ ಬಸ್ಸಿನಲ್ಲಿ ಕುಳಿತು ಬರುವುದು. ದಾರಿಯಲ್ಲಿ ಎಲ್ಲಿ ಬಸ್ಸು ನಿಂತರೂ ಅಲ್ಲೊಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಅಂಗಡಿ ಇದ್ದೇ ಇರುತ್ತದೆ. ಹೊಟ್ಟೆ ಬೆಳೆಯಲು ಇನ್ನೇನು ಬೇಕು?

ನಮಗೆ ವರ್ಷಕ್ಕೊಮ್ಮೆ ಮೆಡಿಕಲ್. ನಾನು ಕಂಟ್ರಾಕ್ಟರ್ ಕಡೆಯವನು. ಡಾಕ್ಟರು ‘ಫಿಟ್’ ಎಂದು ಬರೆದರೆ ಗೇಟ್ ಪಾಸ್, ಗೇಟ್ ಪಾಸ್ ಇದ್ದರೆ ಕೆಲಸ. ಇಲ್ಲದಿದ್ದರೆ ಮನೆಗೆ. ಆ ವರ್ಷ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ನನ್ನ ಎದೆಗೆ ಕೊಳವೆ ಇಟ್ಟು ಹುಬ್ಬು ಗಂಟು ಹಾಕಿದರು.

“ಯಾಕ್ರಿ ಇಷ್ಟು ಜೋರು ಬಡಿತೈತಿ?”

“ನೀವು ಹುಬ್ಬು ಗಂಟ್ ಹಾಕಿದ್ರಲ್ರಿ ಮೇಡಂ, ಅದಕ್ಕ.”

“ಅದಕ್ಕೂ ಮೊದ್ಲೇ ಬಡಿತಿತ್ತು. ತೂಕ ಭಾಳ ಆಗೈತಿ. ಮನಿಯಾಗ ಯಾರಿಗನ್ನ ಹಾರ್ಟಿಂದು ಇತ್ತೇನು?”

ನಮ್ಮಪ್ಪ ಕಂಪ್ಲಿಯಲ್ಲಿ ಬಸ್ಸಿಗೆ ಕಾಯುತ್ತಾ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಆಗ ಅವನಿಗೆ ಐವತ್ತೆರಡು. ಆ ಮೆಡಿಕಲ್ ಹೊತ್ತಿಗೆ ನನಗೂ ಐವತ್ತೆರಡು. ಆ ವರ್ಷ ಪೂರ್ತಿ ನನಗೆ ಒಳಗೊಳಗೇ ಇದ್ದ ಭಯ ಅದೊಂದೇ, ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರಮ್ಮ ಮೂರು ತಿಂಗಳಿಗೆ ಮಾತ್ರ ಪಾಸ್ ಕೊಡಿಸಿದರು. ದಿನಾ ನಡೆಯಬೇಕು, ತೂಕ ಇಳಿಸಬೇಕು, ಎದೆಬಡಿತ ತೋರಿಸುವ ಒಂದು ವಾಚು ತಗೊಂಡು ಬಡಿತ ನೂರಾ ಮೂವತ್ತು ದಾಟದಂತೆ ನೋಡಿಕೊಳ್ಳಬೇಕು, ಮೂರು ತಿಂಗಳು ಬಿಟ್ಟು ಮತ್ತೆ ಬರಬೇಕು ಎಂದರು. ಕೊನೆಗೆ, “ಹೆದರಬ್ಯಾಡ್ರಿ” ಎಂದರು. ಈ ಮಾತು ಕೇಳಿದ ಮೇಲೇ ನಾನು ನಿಜವಾಗಿ ಹೆದರಿದ್ದು.

ಹೊರಗೆ ಬಂದಾಗ ಸಾಲಿನಲ್ಲಿದ್ದ ಲಾರಿ ಡ್ರೈವರ್ ಒಬ್ಬ ನನ್ನ ಮುಖ ನೋಡಿದ. ಹಿಂದಿನ ವಾರವಷ್ಟೇ ಅವನ ಗಾಡಿಯನ್ನು ನಾನು ತಿರುಗಿ ಕಳಿಸಿದ್ದೆ. ಪಕ್ಕದವನಿಗೆ ಹೇಳಿದ: “ನೋಡ್ಲೇ, ಓವರ್‌ಲೋಡ್ ಅಂತ ನಮ್ಮನ್ನ ವಾಪಸ್ ಕಳಿಸ್ತಿದ್ರಲ್ಲ, ಇವತ್ತು ಅವರನ್ನೇ ವಾಪಸ್ ಕಳಿಸ್ಯಾರ.”

೨. ಕಡಿಮೆ ತೋರಿಸುವುದು ಯಾವುದು?

ನಮ್ಮಾಕಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲ. ಹಿತ್ತಲಿಗೆ ಹಾವು ಬಂದರೆ ಕೋಲು ಹುಡುಕುವವಳು ಅವಳು, ಮಂಚ ಹತ್ತುವವನು ನಾನು. ಡಾಕ್ಟರಮ್ಮ ಹೇಳಿದ್ದನ್ನು ಕೇಳಿ ಅವಳು ಅಳಲಿಲ್ಲ, ಬೆಚ್ಚಲಿಲ್ಲ. “ಇವತ್ತಿಂದ ಮಿರ್ಚಿ ಬಂದ್” ಎಂದಳು. “ನೀನಾದ್ರೂ ತಿನ್ನು” ಎಂದೆ. “ನನಗೇನು ಅದರ ಮ್ಯಾಲೆ ಅಷ್ಟು ಆಸಿ ಇಲ್ಲ” ಎಂದಳು. ಮದುವೆಯಾದಾಗಿನಿಂದ ನನ್ನ ತಟ್ಟೆಯ ಮಿರ್ಚಿಯನ್ನೂ ಎತ್ತಿಕೊಂಡು ತಿಂದವಳು ಆಡಿದ ಮಾತು ಇದು.

ಮರುದಿನವೇ ನನ್ನನ್ನು ಹೊಸಪೇಟೆಯ ಪೇಟೆಗೆ ಎಳೆದುಕೊಂಡು ಹೋದಳು. ಅಂಗಡಿಯವ ಎರಡು ಬಗೆ ತೋರಿಸಿದ. ಒಂದು ಎದೆಗೆ ಕಟ್ಟುವ ಬೆಲ್ಟು, ಇನ್ನೊಂದು ಕೈಗೆ ಕಟ್ಟುವ ವಾಚು.

“ಕರೆಕ್ಟ್ ಬೇಕಂದ್ರ ಬೆಲ್ಟ್ ತಗೋರಿ ಸಾಹೇಬ್ರ. ನೀರು ಹಚ್ಚಿ ಎದಿಗೆ ಬಿಗಿಯಾಗಿ ಕಟ್ಟಿದ್ರ ಆತು. ಸುಳ್ಳು ಹೇಳಂಗಿಲ್ಲ.”

ಕಟ್ಟಿ ನೋಡಿದೆ. ತಣ್ಣಗಿನ ಪಟ್ಟಿ ಎದೆಯನ್ನು ಬಿಗಿಹಿಡಿಯಿತು. ಎದೆ ಬಿಗಿಹಿಡಿಯುವುದು ಎಂದರೆ ಏನೆಂದು ನಮ್ಮಪ್ಪನನ್ನು ನೋಡಿದವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆ! “ತೆಗೀರಿ, ತೆಗೀರಿ” ಎಂದು ಅಂಗಡಿಯಲ್ಲೇ ಅಂಗಿ ಕಿತ್ತೆ. ಕೈಯದೇ ಸಾಕು ಎಂದಾಯಿತು. ಅದರಲ್ಲೂ ನಾಲ್ಕೈದು ಬಗೆ. ಅವನು ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ನಾನು ದನಿ ತಗ್ಗಿಸಿ ಕೇಳಿದೆ: “ಇದ್ರಾಗ ಕಮ್ಮಿ ತೋರ್ಸೋದು ಯಾವ್ದೈತಿ?”

ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಯಾವ ವೇ ಬ್ರಿಡ್ಜ್ ಕಮ್ಮಿ ತೋರಿಸುತ್ತದೆ ಎಂದು ಹುಡುಕುವ ಲಾರಿಯವರಿಗೆ ಇಷ್ಟು ವರ್ಷ ನಾನು ಬೈದದ್ದೇ ಬೈದದ್ದು.

ಅಂಗಡಿಯವ ನಕ್ಕ. “ಬಡಿತ ಕಮ್ಮಿ ತೋರ್ಸಬೇಕಾ?”

“ಹ್ಞೂಂ. ಬಡಿತ ಕಮ್ಮಿ, ಕ್ಯಾಲರಿ ಜಾಸ್ತಿ.”

“ಅದ್ಹೆಂಗ ಆಗ್ತದ್ರಿ? ಬಡಿತ ನೋಡೇ ಅದು ಕ್ಯಾಲರಿ ಲೆಕ್ಕ ಹಾಕೋದು. ಗಣಿ ಲಾರಿ ನೋಡಿಲ್ಲೇನು? ಗಾಡಿ ನಿಂತಿದ್ರೂ ಎಂಜಿನ್ ಚಾಲೂ ಇದ್ರ ಡೀಸೆಲ್ ಸುಡ್ತದ. ಹಂಗ ಇದು.”

ಆಮೇಲೆ ವಾಚನ್ನು ನನ್ನ ಫೋನಿಗೆ ಜೋಡಿಸಿದ, ಅದು ಕೊಡುವ ಎಚ್ಚರಿಕೆ ಫೋನಿಗೂ ಬರುತ್ತದಂತೆ. ಅದಕ್ಕೆ ನನ್ನ ವಯಸ್ಸು, ತೂಕ ತುಂಬಿಸಬೇಕಂತೆ. “ತೂಕ ಎಂಬತ್ತರ ಆಸುಪಾಸು…” ಎಂದು ನಾನು ಶುರುಮಾಡುವಷ್ಟರಲ್ಲಿ ನಮ್ಮಾಕಿ, “ತೊಂಬತ್ತು” ಎಂದಳು. ದಿನಕ್ಕೆ ಸುಡಬೇಕಾದ ಕ್ಯಾಲರಿಯ ಗುರಿ ಎಷ್ಟಿಡಲಿ ಎಂದು ಅವನು ಕೇಳಿದ್ದಕ್ಕೂ ಅವಳೇ, “ಜಾಸ್ತಿನ ಇಡ್ರಿ” ಎಂದಳು. ಗುರಿ ಮುಟ್ಟಿದ ದಿನ ವಾಚು ಗುರ್ರೆಂದು ನಡುಗಿ, ಗಾಜಿನ ಮೇಲೆ ಪಟಾಕಿ ಹಾರಿಸಿ, ‘ಶಭಾಷ್’ ಅನ್ನುತ್ತದೆಯಂತೆ.

“ಪಟಾಕಿ ಸಪ್ಪಳಕ್ಕ ಇವರ ಎದಿ ಒಡದೀತು” ಎಂದಳು ನಮ್ಮಾಕಿ. “ಸಪ್ಪಳ ಬಂದ್ ಮಾಡಿ ಕೊಡ್ರಿ.”

೩. ಎರಡು ಗೆರೆ

ಮೊದಲ ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ನಡೆಯಲು ಹೋದೆವು. ನನ್ನ ಎಡಗೈಯಲ್ಲಿ ನಮ್ಮಪ್ಪನ ಹಳೇ ವಾಚು ಇರುತ್ತದೆ. ಅದು ಕೆಟ್ಟು ನಿಂತು ಎಷ್ಟೋ ವರ್ಷವಾಗಿದ್ದರೂ ನಾನು ಬಿಚ್ಚುವುದಿಲ್ಲ. ಹಾಗಾಗಿ ಹೊಸದನ್ನು ಬಲಗೈಗೆ ಕಟ್ಟಿದ್ದೆ.

ನಮ್ಮಾಕಿ ಸೀರೆ ಎತ್ತಿ ಕಟ್ಟಿ ಬಿರಬಿರನೆ ಮುಂದೆ ಹೋದಳು. ನಾನು ಹಿಂದೆ. ಸ್ವಲ್ಪ ದೂರ ನಡೆದು, ಹೇಗಿದೆ ನೋಡೋಣ ಎಂದು ಕೈ ಎತ್ತಿದರೆ, ಅಂಕಿ ಇರಬೇಕಾದ ಜಾಗದಲ್ಲಿ ಎರಡು ಅಡ್ಡ ಗೆರೆ ಮಾತ್ರ ಇದ್ದವು. ಬಡಿತ ಇಲ್ಲ. ಜೀವ ಬಾಯಿಗೆ ಬಂತು. ಅಲ್ಲೇ ದಂಡೆಯ ಕಲ್ಲಿನ ಮೇಲೆ ಕುಳಿತೆ. ಕೂಗಿದರೆ ಎದೆಗೆ ಶ್ರಮವಾದೀತೆಂದು, ಎದುರಿಗೇ ಕಾಣುತ್ತಿದ್ದ ಹೆಂಡತಿಗೆ ಫೋನ್ ಮಾಡಿದೆ.

“ಲೇ, ನನ್ನ ಎದಿ ನಿಂತೈತಿ.”

“ಯಾವಾಗಿಂದ?”

“ಈಗ ಎರಡ್ಮೂರು ನಿಮಿಷ ಆತು.”

“ನಿಂತ ಎದಿ ಇಟ್ಕಂಡು ಫೋನ್ ಹಚ್ಚೀರಲ್ಲ! ಅಲ್ಲೇ ಕುಂದ್ರಿ, ಬಂದೆ.”

ಬಂದವಳು ನನ್ನ ಮುಖ ನೋಡಲಿಲ್ಲ, ಕೈ ತಿರುಗಿಸಿ ನೋಡಿದಳು. ನನ್ನ ಬಲಗೈ ಎಂದರೆ ದೇವರ ದಾರಗಳ ಕಟ್ಟು. ಹಂಪಿಯದೊಂದು, ಹುಲಿಗಿಯದೊಂದು, ಕಂಪ್ಲಿಯ ಅತ್ತೆ ಮಂತ್ರಿಸಿ ತಂದು ಕಟ್ಟಿದ್ದೊಂದು, ಯಾವುದೆಂದು ಮರೆತುಹೋದವು ಎರಡು. ವಾಚು ಅವುಗಳ ಮೇಲೆ ಕುಳಿತಿತ್ತು. ಅದರ ಹೊಟ್ಟೆಯಡಿಯ ಹಸಿರು ಬೆಳಕು ಚರ್ಮಕ್ಕೆ ಮುಟ್ಟದೆ ದಾರಕ್ಕೇ ಹೊಡೆಯುತ್ತಿತ್ತು.

“ಒಂದೆರಡು ಕತ್ತರಿಸಿ ಬಿಡ್ಲೇನು?” ಎಂದಳು.

ನಾನು ಕೈ ಕಿತ್ತುಕೊಂಡೆ. ಎದೆ ಹೀಗಿರುವಾಗ ದೇವರನ್ನು ಕತ್ತರಿಸುವುದೆ? ಕೊನೆಗೆ ದಾರಗಳನ್ನೆಲ್ಲ ಮೊಣಕೈವರೆಗೆ ಏರಿಸಿ ವಾಚನ್ನು ಕೆಳಗೆ ಕಟ್ಟಿದಳು. ಅಂಕಿ ಮೂಡಿತು. ನಾನು ಬದುಕಿದ್ದೆ.

“ಪಾಪ, ಇಷ್ಟೊತ್ತೂ ಅದು ದೇವರ ಎದಿ ಹುಡುಕಾಕತ್ತಿತ್ತು” ಎಂದಳು.

೪. ನೋಡಲು ಬಂದವರು

ಕಂಪ್ಲಿಯಲ್ಲಿ ನಮ್ಮ ಅತ್ತೆಯ ಮನೆ. ಫೋನಿನಲ್ಲಿ ನಮ್ಮಾಕಿ ತಾಯಿಗೆ, “ಎದಿ ಬಡಿತ ನೋಡಾಕ ಇವರು ಒಂದು ಮಿಷಿನ್ ಕಟ್ಕಂಡಾರ” ಎಂದು ಹೇಳಿದ್ದಳು. ಅತ್ತೆಗೆ ತಲುಪಿದ್ದು, ಅಳಿಯನಿಗೆ ಮಿಷಿನ್ ಕಟ್ಟಿದ್ದಾರೆ ಎಂದು. ಓಣಿಗೆ ತಲುಪುವಷ್ಟರಲ್ಲಿ, ಮಿಷಿನ್ ಮೇಲೆ ಬದುಕಿದ್ದಾನೆ ಎಂದಾಗಿತ್ತು.

ನಾವು ಹೋಗಿ ಚಹಾ ಲೋಟ ಕೈಗೆ ತೆಗೆದುಕೊಳ್ಳುವುದರೊಳಗೆ ಮಂದಿ ನೋಡಲು ಬಂದರು. ರೋಗಿಯನ್ನು ನೋಡಲು ಬರುವವರ ಪದ್ಧತಿ ನಮ್ಮ ಕಡೆ ಗೊತ್ತೇ ಇದೆ. ಕೈಯಲ್ಲಿ ಬ್ರೆಡ್ಡು, ಎಳನೀರು. ಬಾಯಲ್ಲಿ, ಅದೇ ರೋಗದಿಂದ ಸತ್ತ ಇನ್ನೊಬ್ಬರ ಕಥೆ. ಅಕ್ಕಿ ಗಿರಣಿಯ ಹಿರಿಯರೊಬ್ಬರು ನನ್ನ ಪಕ್ಕದಲ್ಲೇ ಕುಳಿತರು.

“ನಮ್ಮ ಗಿರಣ್ಯಾಗ ಒಬ್ಬ ಇದ್ದ ನೋಡ್ರಿ. ನಿಮ್ಮಂಗೇ ದಪ್ಪ. ಹಿಂಗೇ ಕುಂತಿದ್ದ, ಹಿಂಗೇ ಚಾ ಕುಡೀತಿದ್ದ…”

ನಾನು ಲೋಟ ಕೆಳಗಿಟ್ಟೆ.

“…ಲೋಟ ಕೆಳಗಿಟ್ಟ ನೋಡ್ರಿ, ಅಷ್ಟೇ.”

ಮತ್ತೆ ಲೋಟ ಎತ್ತಿಕೊಂಡೆ. ಅಷ್ಟರಲ್ಲಿ ವಾಚು ಗುರ್ ಎಂದಿತು. ಬಡಿತ ಹೆಚ್ಚಾಗಿದೆ, ವಿಶ್ರಾಂತಿ ತಗೊಳ್ಳಿ ಎನ್ನುವುದು ಅದರ ಮಾತು. ನೋಡಲು ಬಂದಿದ್ದ ಹೆಣ್ಣುಮಕ್ಕಳು ಹೌಹಾರಿದರು. ಒಬ್ಬಾಕಿ, “ಅಯ್ಯೋ, ಮಿಷಿನ್ ಹೊಡ್ಕಂತು! ಅಳಿಯಾರ್ನ ಮಲಗಿಸ್ರಿ” ಎಂದಳು. ಇನ್ನೊಬ್ಬಾಕಿ ನನ್ನ ಅಂಗಾಲು ತಿಕ್ಕತೊಡಗಿದಳು. ಅತ್ತೆ ಬಾಗಿಲಿಗೆ ಒರಗಿ ಸೆರಗು ಬಾಯಿಗೆ ಹಿಡಿದರು. ಮಲಗಿ ಮೇಲೆ ನೋಡಿದರೆ ಸುತ್ತಲೂ ಬರೀ ಮುಖಗಳು, ಎಲ್ಲವೂ ಕೆಳಗೆ ಬಾಗಿ ನನ್ನನ್ನೇ ನೋಡುತ್ತಿವೆ. ನಿಜ ಹೇಳುತ್ತೇನೆ, ನನ್ನ ಹೆಣವನ್ನು ನಾನೇ ಒಳಗಿನಿಂದ ನೋಡಿದಂತಾಯಿತು.

ಅಡುಗೆಮನೆಯಿಂದ ನಮ್ಮಾಕಿ ಸೌಟು ಹಿಡಿದೇ ಬಂದಳು. “ನಡೀರಿ, ನಡೀರಿ. ಇವರಿಗೆ ಏನೂ ಆಗಿಲ್ಲ. ಬ್ರೆಡ್ ಇಟ್ಟು ಹೋಗ್ರಿ” ಎಂದು ಎಲ್ಲರನ್ನೂ ಅಟ್ಟಿದಳು.

ಸಂಜೆ ನಾವು ಹೊರಡುವಾಗ ಗಿರಣಿಯ ಹಿರಿಯರು ಓಣಿಯ ತಿರುವಿನಲ್ಲಿ ನಿಂತಿದ್ದರು. “ಬಸ್ಸಿಗೆ ಹೊಂಟೀರೇನು? ಹುಷಾರ್ರಿ. ನಿಮ್ಮಪ್ಪಾರಿಗೂ ಇಲ್ಲೇ, ಬಸ್ಸಿಗೆ ಕಾಯ್ವಾಗಲೇ ಅಲ್ಲೇನು ಆಗಿದ್ದು?”

ಆವತ್ತು ಹೊಸಪೇಟೆವರೆಗೂ ನಾವು ಆಟೋದಲ್ಲಿ ಬಂದೆವು.

೫. ತೊಂಬತ್ತು

ಇಷ್ಟಾದರೂ ತೂಕ ಇಳಿಯಲು ಒಪ್ಪಲಿಲ್ಲ. ಕಾರಣ ನಾನೇ. ಅಂಕಿ ಸ್ವಲ್ಪ ಏರಿದರೆ ಸಾಕು, ಕುಳಿತುಬಿಡುತ್ತಿದ್ದೆ. ಕುಳಿತರೆ ಅಂಕಿ ಇಳಿಯುತ್ತಿತ್ತು, ತೂಕ ಇಳಿಯುತ್ತಿರಲಿಲ್ಲ. ಪಟಾಕಿಯಂತೂ ಒಂದು ದಿನವೂ ಹಾರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಮ್ಮಾಕಿ ನನ್ನನ್ನು ಹಂಪಿಗೆ ಕರೆದೊಯ್ದಳು. ವಿರೂಪಾಕ್ಷನಿಗೆ ಕೈ ಮುಗಿದು, ಹಂಪಿ ಬಜಾರಿನ ಕಲ್ಲಿನ ಮಂಟಪಗಳ ಸಾಲು ದಾಟಿ, ಮಾತಂಗ ಬೆಟ್ಟದ ಬುಡಕ್ಕೆ ತಂದು ನಿಲ್ಲಿಸಿದಳು.

“ಹತ್ರಿ.”

ಮೇಲೆ ನೋಡಿದೆ. ಬಂಡೆ, ಮೆಟ್ಟಿಲು, ಮತ್ತೆ ಬಂಡೆ. ಒಂದು ಕಡೆ ಹಿಡಿಯಲೂ ಏನಿಲ್ಲ. ನಾಲ್ಕು ಮೆಟ್ಟಿಲಿಗೊಮ್ಮೆ ಕೈ ನೋಡಿಕೊಳ್ಳುತ್ತಾ ಹತ್ತಿದೆ. ನೂರಾ ಹತ್ತು ಎಂದಾಗ ಅಂಬೆಗಾಲಿಟ್ಟೆ. ನೂರಾ ಇಪ್ಪತ್ತು ಎಂದಾಗ ಬಂಡೆಯನ್ನು ತಬ್ಬಿಕೊಂಡೆ.

“ನನ್ನ ಕೈಲಿ ಆಗಲ್ಲ. ನಮ್ಮಪ್ಪನ ಜಾತಕನೇ ನನ್ದು. ಇಲ್ಲೇ ಹೋಗ್ತೀನಿ.”

ಅವಳು ಬೈಯಲಿಲ್ಲ. ಸೊಂಟದಿಂದ ಕರ್ಚೀಫು ತೆಗೆದು ವಾಚಿನ ಮೇಲೆ ಸುತ್ತಿ ಗಂಟು ಹಾಕಿದಳು. “ನೀವು ಮೆಟ್ಲು ನೋಡ್ರಿ. ಅಂಕಿ ನಾ ನೋಡಿ ಹೇಳ್ತೀನಿ.”

ಆಮೇಲೆ ಹತ್ತೆಂಟು ಮೆಟ್ಟಿಲಿಗೊಮ್ಮೆ ನಿಲ್ಲಿಸಿ, ಕರ್ಚೀಫು ತುಸು ಎತ್ತಿ ನೋಡಿ, “ತೊಂಬತ್ತು” ಎನ್ನುವಳು. ಮತ್ತೆ ಹತ್ತುವುದು. ಮತ್ತೆ “ತೊಂಬತ್ತು.” ಏದುಸಿರು ಬಿಡುತ್ತಿದ್ದರೂ ತೊಂಬತ್ತೇ ಅಲ್ಲವೆ ಎಂಬ ಧೈರ್ಯ. ತುದಿ ಮುಟ್ಟಿದಾಗ ಕೆಳಗೆ ಬಜಾರು, ಹೊಳೆ, ಬಾಳೆತೋಟ ಎಲ್ಲ ಕಂಡವು. ಬದುಕಿದ್ದೇನೆ ಎಂಬ ಖುಷಿಗೆ ಕಣ್ಣಲ್ಲಿ ನೀರು ಬಂತು. ಹೆಮ್ಮೆಯಿಂದ ಕರ್ಚೀಫು ಬಿಚ್ಚಿದೆ.

ವಾಚಿನ ಗಾಜು ಕಪ್ಪಗಿತ್ತು. ಚಾರ್ಜ್ ಮುಗಿದು ಯಾವಾಗಲೋ ಸತ್ತಿತ್ತು.

“ಮತ್ತ ಇಷ್ಟೊತ್ತು ತೊಂಬತ್ತು ತೊಂಬತ್ತು ಅಂದ್ಯಲ್ಲ, ಏನು ನೋಡಿ ಹೇಳ್ದಿ?”

“ನಿಮ್ಮನ್ನ ನೋಡಿ” ಎಂದಳು. “ಅದು ನಿಮ್ಮ ತೂಕ.”

೬. ಪಟಾಕಿ

ಬೆಟ್ಟ ಹತ್ತಿದ ಮೇಲೆ ನನಗೆ ಕಾಲುವೆ ದಂಡೆ ಏನೂ ಅನಿಸಲಿಲ್ಲ. ತೂಕ ನಿಧಾನಕ್ಕೆ ಇಳಿಯಿತು. ಆದರೂ ಮೆಡಿಕಲ್ ದಿನ ಬಂದಾಗ ನಾನು ಮತ್ತೆ ಹಳೇ ಹೆದರುಪುಕ್ಕಲನೇ. ಈ ಸಲ ಫಿಟ್ ಆಗದಿದ್ದರೆ ಪಾಸ್ ಇಲ್ಲ. ಈ ವಯಸ್ಸಿನಲ್ಲಿ ತೂಕದ ಚೀಟಿ ಕೊಡುವವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಡಾಕ್ಟರಮ್ಮ ಕೊಳವೆ ಇಟ್ಟು ಮತ್ತೆ ಹುಬ್ಬು ಗಂಟು ಹಾಕಿದರೆ?

“ನಾನೂ ಸಂಡೂರಿಗೆ ಬರ್ತೀನಿ” ಎಂದಳು ನಮ್ಮಾಕಿ. “ಕುಮಾರಸ್ವಾಮಿ ಗುಡಿಗೆ ಹೋಗಿ ಭಾಳ ದಿನ ಆತು. ನಿಮ್ಮ ಕೆಲ್ಸ ಮುಗೀಲಿ, ಆಮ್ಯಾಲೆ ಹೋಗಾಣಂತ. ನಿಮ್ಮ ಸಲುವಾಗಿ ಏನಲ್ಲ.”

ದವಾಖಾನೆಯಲ್ಲಿ ನರ್ಸಮ್ಮ, “ಕೈಯಾಗಿನ ವಾಚೆಲ್ಲ ಬಿಚ್ಚಿಟ್ಟು ಬರ್ರಿ” ಎಂದರು. ನಮ್ಮಪ್ಪನ ವಾಚು, ಹೊಸ ವಾಚು ಎರಡನ್ನೂ ಬಿಚ್ಚಿ ನಮ್ಮಾಕಿಗೆ ಕೊಟ್ಟೆ. ಹಳೆಯದನ್ನು ಚೀಲಕ್ಕೆ ಹಾಕಿಕೊಂಡಳು, ಹೊಸದನ್ನು ಬಿದ್ದುಗಿದ್ದೀತೆಂದು ತನ್ನ ಕೈಗೇ ಕಟ್ಟಿಕೊಂಡಳು. ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕಲ್ಲಿನಂತೆ ಕುಳಿತಳು.

ಒಳಗೆ ಕಣ್ಣು ನೋಡಿದರು, ಕಿವಿ ನೋಡಿದರು, ಎದೆಗೆ ತಂತಿ ಹಚ್ಚಿ ಚಿತ್ರ ತೆಗೆದರು. ಬಹಳ ಹೊತ್ತು ಹಿಡಿಯಿತು. ವಿಚಿತ್ರವೆಂದರೆ, ಹೊತ್ತು ಹೋದಂತೆ ನಾನು ತಣ್ಣಗಾಗುತ್ತಾ ಹೋದೆ. ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಅಂಕಿ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹೆದರುವುದು ಹೇಗೆ? ಕೊನೆಗೆ ಡಾಕ್ಟರಮ್ಮ ನನ್ನ ನಾಡಿ ಹಿಡಿದು ಕುಳಿತರು. ಹುಬ್ಬು ನೆಟ್ಟಗೇ ಇತ್ತು.

ಅಷ್ಟರಲ್ಲಿ ನನ್ನ ಜೇಬಿನಲ್ಲಿದ್ದ ಫೋನು ನಡುಗಿತು. ತೆಗೆದು ನೋಡಿದೆ. ‘ನಿಮ್ಮ ಹೃದಯ ಬಡಿತ ಹೆಚ್ಚಾಗಿದೆ. ನೂರಾ ಮೂವತ್ತಾರು. ಕುಳಿತುಕೊಳ್ಳಿ.’

ಎದೆ ಧಸಕ್ಕೆಂದಿತು. “ಮೇಡಂ, ಮುಗೀತು. ನೂರಾ ಮೂವತ್ತು ದಾಟೈತಿ.”

“ಏನ್ ಹೇಳ್ತೀರಿ? ನಿಮ್ಮ ನಾಡಿ ನನ್ನ ಕೈಯಾಗೈತಿ. ಈಗ ಮಾತಾಡಿ ಏರಿಸ್ಕಂಡ್ರಿ ನೋಡ್ರಿ, ಆಗಿಂದ ಚಲೋ ಇತ್ತು, ಎಪ್ಪತ್ತೆಂಟು.” ಫೋನು ತಗೊಂಡು ನೋಡಿದರು. “ಈ ವಾಚು ಎಲ್ಲೈತಿ?”

“ಹೊರಗೈತ್ರಿ. ನಮ್ಮಾಕಿ ಕೈಯಾಗ.”

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಹಾವಿಗೆ ಕೋಲು ಹುಡುಕುವವಳು, ಓಣಿಯ ಮಂದಿಯನ್ನು ಸೌಟು ಹಿಡಿದು ಅಟ್ಟಿದವಳು, ಬಂಡೆ ತಬ್ಬಿಕೊಂಡವನಿಗೆ ತೊಂಬತ್ತು ತೊಂಬತ್ತು ಎಂದು ಸುಳ್ಳು ಹೇಳಿ ಬೆಟ್ಟ ಹತ್ತಿಸಿದವಳು. ಮೂರು ತಿಂಗಳು ನನ್ನೊಬ್ಬನಿಗೇ ಹೆದರಿಕೆ ಅಂದುಕೊಂಡಿದ್ದೆ.

ಡಾಕ್ಟರಮ್ಮ ಬೇಗ ಬೇಗ ‘ಫಿಟ್’ ಎಂದು ಬರೆದು ರುಜು ಹಾಕಿದರು. “ಮೊದ್ಲು ಹೋಗಿ ಇದನ್ನ ಅವರಿಗೆ ತೋರಿಸ್ರಿ. ಔಷಧ ಇದೇ.”

ಬಾಗಿಲು ತೆರೆದೆ. ನಮ್ಮಾಕಿ ಕೂತಲ್ಲೇ ಕೂತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ನನ್ನ ಕೈಯ ಕಾಗದ ನೋಡಿದಳು, ನನ್ನ ಮುಖ ನೋಡಿದಳು. ಆಗಲೇ ಅವಳ ಕೈಯಲ್ಲಿ ವಾಚು ಗುರ್ರೆಂದು ನಡುಗಿತು. ಬಗ್ಗಿ ನೋಡಿದೆ. ಗಾಜಿನ ತುಂಬ ಕೆಂಪು, ಹಳದಿ, ನೀಲಿ ಪಟಾಕಿ ಹಾರುತ್ತಿದ್ದವು. ‘ಶಭಾಷ್! ಇಂದಿನ ಗುರಿ ಮುಟ್ಟಿದ್ದೀರಿ.’

ಮೂರು ತಿಂಗಳು ಕಾಲುವೆ ದಂಡೆ ಸವೆಸಿ ನಾನು ಒಮ್ಮೆಯೂ ಕಾಣದ ಪಟಾಕಿ ಅದು. ಅಂಗಡಿಯವ ಹೇಳಿದ್ದು ಸುಳ್ಳಲ್ಲ, ಗಾಡಿ ನಿಂತೇ ಇತ್ತು, ಎಂಜಿನ್ ಮಾತ್ರ ಒಳಗೆ ಓಡಿದ್ದೇ ಓಡಿದ್ದು.

“ಹೆದರಿದ್ಯೇನೇ?” ಎಂದೆ.

“ಯಾರು, ನಾನಾ? ಈ ವಾಚ್ ಕೆಟ್ಟೈತಿ” ಎಂದು ಕೊಡವಿಕೊಂಡು ಎದ್ದಳು. ಕಾಗದವನ್ನು ನನ್ನ ಕೈಯಿಂದ ಕಸಿದು ಮಡಚಿ ಚೀಲದೊಳಗೆ ಹಾಕಿದಳು. ಎರಡು ಹೆಜ್ಜೆ ಹೋಗಿ, ನಿಂತು, ವಾಚನ್ನು ಇನ್ನೊಮ್ಮೆ ನೋಡಿಕೊಂಡಳು.

“ಏನ್ರಿ, ಇದು ಇಷ್ಟು ಸುಟ್ಟೈತಿ ಅಂತ ತೋರ್ಸಾಕತ್ತೈತಲ್ಲ, ಇಷ್ಟಕ್ಕ ಎಷ್ಟು ಮಿರ್ಚಿ ತಿನ್ನಬೌದು?”

“ಎರಡು ಪ್ಲೇಟ್ ಆರಾಮ ತಿನ್ನಬೌದು” ಎಂದೆ, ಆಸೆಯಿಂದ.

“ಹಂಗಾದ್ರ ನಡೀರಿ. ದೇವರಿಗೆ ಆಮ್ಯಾಲೆ ಹೋಗಾಣು” ಎಂದಳು. “ಎರಡೂ ನನಗ. ನೀವು ಸುಮ್ನ ಒಳಗ ಮಲಗಿದ್ರಿ, ನಿಮಗ ಬರೇ ಮಂಡಕ್ಕಿ.”